ಅಮಾವಾಸ್ಯೆಯ ಮರುದಿನ ಚೀರುವ ಟ್ರಾಕ್ಟರು

ಹೆದರಿಕೆ ನಮ್ಮ ಮನೆಗೆ ಎಂದೂ ಸದ್ದಿಲ್ಲದೆ ಬರುವುದಿಲ್ಲ. ಕೂಗುತ್ತಲೇ ಬರುತ್ತದೆ, ಹೋಗುವಾಗ ನಾಲ್ಕು ಜನರೆದುರು ನಮ್ಮ ಮರ್ಯಾದೆಯನ್ನೂ ಹೊತ್ತುಕೊಂಡು ಹೋಗುತ್ತದೆ. ನಾನು ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು. ಓದಿದ್ದು ಕಾನ್ವೆಂಟಿನಲ್ಲಿ. ಗಾಬರಿಯಾದಾಗ ಬೆನ್ನು ನೆಟ್ಟಗೆ ಮಾಡಬೇಕು, ದನಿ ತಗ್ಗಿಸಬೇಕು ಎಂದು ಅಲ್ಲಿಯ ಸಿಸ್ಟರುಗಳು ಕಲಿಸಿದ್ದರು. ಟ್ರಾಕ್ಟರು ಬರುವವರೆಗೆ ಆ ಪಾಠ ನನಗೆ ಕೈಕೊಟ್ಟಿರಲಿಲ್ಲ.

ಲಿಂಬೆಹಣ್ಣಿಗೆ ಪ್ರವೇಶವಿಲ್ಲ

ಕಮಲಾಪುರದಲ್ಲಿ ನಮ್ಮದೊಂದು ಕೆಂಬಾಳೆ ತೋಟವಿದೆ. ಬಾಳೆಸಾಲುಗಳ ನಡುವೆ ದೊಡ್ಡ ಟ್ರಾಕ್ಟರು ತಿರುಗುವುದಿಲ್ಲವೆಂದು ನಮ್ಮವರು ಬ್ಯಾಂಕಿನಿಂದ ನಿವೃತ್ತರಾದೊಡನೆ ಒಂದು ಸಣ್ಣ ಟ್ರಾಕ್ಟರು ತಂದರು. ಪೂಜೆಯ ದಿನ ಎಂಬತ್ತು ದಾಟಿದ ನಮ್ಮ ಅತ್ತೆಯವರು ಲಿಂಬೆ, ಮೆಣಸಿನಕಾಯಿ, ಕೇರುಬೀಜ ಪೋಣಿಸಿದ ಸರವನ್ನು ಗಾಡಿಯ ಮುಂದೆ ಕಟ್ಟಲು ಹೋದರು. ನಾನು ತಡೆದೆ.

"ಕೊಳೆಯೋ ವಸ್ತು ಕಟ್ಟೋದು ಬ್ಯಾಡ ಅತ್ತೆಯವರ."

"ದೃಷ್ಟಿ ಆಗ್ತದವ್ವಾ."

"ದೃಷ್ಟಿ ಆಗಂಗಿಲ್ಲ, ಇರುವಿ ಆಗ್ತಾವ."

ಅವರು ಸರವನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಆತು ಬಿಡು. ನಿನ್ನ ಕಣ್ಣಿಗೆ ಬೀಳಂಗಿಲ್ಲ." ಶಿಸ್ತು ಗೆದ್ದಿತೆಂದು ನಾನು ತಿಳಿದೆ.

ವಾರದೊಳಗೆ ಟ್ರಾಕ್ಟರು ಚೀರತೊಡಗಿತು. ಸುಮ್ಮನೆ ಓಡುವಾಗ ಸದ್ದಿಲ್ಲ. ಹಿಂದಿನ ರೋಟಾವೇಟರನ್ನು ಮೇಲೆತ್ತಲು ಹೈಡ್ರಾಲಿಕ್ ಲಿವರ್ ಎಳೆದರೆ ಮಾತ್ರ, ಮೊದಲು ಸೊಳ್ಳೆಯಂತೆ, ಆಮೇಲೆ ಕುಕ್ಕರಿನಂತೆ, ಕೊನೆಗೆ ಹೆರಿಗೆ ವಾರ್ಡಿನಂತೆ. ನಮ್ಮವರು ಸದ್ದಿನ ಮೂಲ ಹುಡುಕುತ್ತ ಎತ್ತಿ ನಿಲ್ಲಿಸಿದ ರೋಟಾವೇಟರಿನ ಕೆಳಗೇ ತಲೆ ತೂರಿಸಿದರು. ರೋಟಾವೇಟರು ಎಂದರೆ ಮಣ್ಣು ಕೊಚ್ಚುವ ಕಬ್ಬಿಣದ ಬ್ಲೇಡುಗಳ ಸಾಲು. ಯಂತ್ರದಡಿ ಸಿಕ್ಕವರು ತುರ್ತು ವಿಭಾಗಕ್ಕೆ ಹೇಗೆ ಬರುತ್ತಾರೆಂದು ನಾನು ಕಂಡವಳು. 

"ತಲಿ ಹೊರಗ ತಗೀರಿ."

"ತಡಿ, ಎಲ್ಲಿಂದ ಬರ್ಲಿಕತ್ತದ ಕೇಳ್ತೀನಿ."

"ಕೇಳ್ಲಿಕ್ಕೆ ಕಿವಿ ಸಾಕು. ಕುತ್ತಿಗಿ ಯಾಕ ಒಯ್ದೀರಿ?"

ಡ್ರೈವರನ ಪಂಚಾಂಗ

ನಮ್ಮ ಡ್ರೈವರು ಎರಡು ಹೆಗಲ ಮೇಲೆ ಎರಡು ಗೊನೆ ಹೊತ್ತು ನಗುನಗುತ್ತ ನಡೆಯುವ ಆಳು. ಮೀಸೆ ನೋಡಿದರೆ ನಾಯಿ ದಾರಿ ಬಿಡುತ್ತದೆ. ಅಂಥವನು ಮೂರ್ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ನನ್ನೆದುರು ಟೊಪ್ಪಿಗೆ ತೆಗೆದು ನಿಂತ.

"ಅಮ್ಮಾರ, ಇದು ಎಣ್ಣಿ ಬ್ಯಾನಿ ಅಲ್ರೀ. ಗಾಡಿಗೆ ಏನೋ ಸೋಕ್ಯಾದ. ಪ್ರತಿ ಅಮಾಸಿ ಮರುದಿನ ಜಾಸ್ತಿ ಚೀರ್ತದ. ನಾ ಲಕ್ಷ್ಯ ಇಟ್ಟು ನೋಡೀನಿ."

ಕಬ್ಬಿಣಕ್ಕೆ ಚಂದ್ರನ ಪರಿವೆ ಇರುವುದಿಲ್ಲವೆಂದು ನಾನು ಅವನಿಗೆ ಬಿಡಿಸಿ ಹೇಳಿದೆ. ಅಮಾವಾಸ್ಯೆಯ ದಿನ ಗಾಡಿ ಓಡುವುದೇ ಇಲ್ಲ. ಅತ್ತೆಯವರು ಕಾರಿನಲ್ಲಿ ಬಂದು ಅದಕ್ಕೆ ಕಾಯಿ ಒಡೆದು, ಒಬ್ಬರೇ ಒಂದಷ್ಟು ಹೊತ್ತು ಪೂಜೆ ಮಾಡಿ ಹೋಗುತ್ತಾರೆ, ಅಷ್ಟೇ. ಹಾಗಿರುವಾಗ ಅಮಾವಾಸ್ಯೆಯಿಂದ ಗಾಡಿಗೆ ಏನಾದೀತು?

ಅವನ ಮುಖ ಇನ್ನಷ್ಟು ಬಿಳಿಚಿತು.

"ಅದಽ ರೀ ಅಮ್ಮಾರ! ಅಜ್ಜಿಯವರು ಪೂಜಿ ಮಾಡಿದ ಮ್ಯಾಲೂ ಚೀರ್ತದಂದ್ರ ಒಳಗ ಎಂಥಾ ಜಬರ್ದಸ್ತ್ ದೆವ್ವ ಇರಬೇಕು!"

ಅಂದಿನಿಂದ ಅವನು ಒಂದು ಕಾಲು ಹೊರಗೆ ಇಳಿಬಿಟ್ಟುಕೊಂಡೇ ಗಾಡಿ ನಡೆಸತೊಡಗಿದ. ಯಾಕೆಂದು ಕೇಳಿದರೆ, "ಜಿಗೀಲಿಕ್ಕೆ ಸಲೀಸ್ ಆಗ್ತದ್ರೀ" ಎಂದ. ಮೊದಲು ನನಗೆ ಒಬ್ಬರ ಕುತ್ತಿಗೆಯ ಚಿಂತೆ ಇತ್ತು. ಈಗ ಇನ್ನೊಬ್ಬರ ಕಾಲಿನದೂ ಸೇರಿತು.

ಫೋನಿನಲ್ಲಿ ರೋಗಪರೀಕ್ಷೆ

ಕಪನೂರಿನ ಕಾರ್ಖಾನೆಗಳ ನಡುವೆ ಗ್ಯಾರೇಜು ಇಟ್ಟುಕೊಂಡಿದ್ದ ಒಬ್ಬ ಮೇಸ್ತ್ರಿಗೆ ನಮ್ಮವರು ಕಲಬುರಗಿಯ ಮನೆಯಿಂದ ಫೋನು ಮಾಡಿದರು. ಮೇಸ್ತ್ರಿಗೆ ತನ್ನ ಮೇಲೆ ತನಗೆ ಬಹಳ ಅಭಿಮಾನ.

"ಸಾಹೇಬ್ರ, ನಾ ಆವಾಜ್ ಕೇಳೇ ಬಿಮಾರಿ ಹೇಳ್ತೀನಿ. ಹೆಂಗ ಚೀರ್ತದ, ಮಾಡಿ ತೋರಸ್ರೀ."

ನಮ್ಮವರು ವರಾಂಡದ ಕುರ್ಚಿಯಲ್ಲಿ ಕುಳಿತು ಗಂಟಲು ಸರಿಮಾಡಿಕೊಂಡು "ಕೀಂಽಽಽ" ಎಂದರು.

"ಇದು ಖಾಲಿ ಗಾಡಿ ಆವಾಜ್ ಆತ್ರೀ. ಲೋಡ್ ಹಾಕಿ ಚೀರ್ರಿ."

ನಮ್ಮವರು ಒಳಗಿನಿಂದ ಜೋಳದ ಚೀಲ ಎತ್ತಿಕೊಂಡು ಬಂದರು. ಅದನ್ನು ಎದೆಗೆ ಅವಚಿಕೊಂಡು, ಮುಖ ಕೆಂಪಗೆ ಮಾಡಿ, ಕತ್ತಿನ ನರ ಉಬ್ಬಿಸಿ, ಒಂದು ಚೀತ್ಕಾರ ತೆಗೆದರು. ಪಕ್ಕದ ಮನೆಯಾಕೆ ಚಪಾತಿ ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಅಯ್ಯೋ ಅಕ್ಕಾರ! ಅಣ್ಣಾರು ಹಿಂಗ ಒದ್ದಾಡ್ಲಿಕತ್ತಾರ, ನೀವು ಮೇಟ್ರನ್ ಇದ್ದು ಕೈ ಕಟ್ಟಿ ನಿಂತೀರಲ್ಲ! ಆಂಬುಲೆನ್ಸ್ ಕರೀರಿ!"

ನಾನು ಬೆನ್ನು ನೆಟ್ಟಗೆ ಮಾಡಿ ಇದ್ದ ಸಂಗತಿಯನ್ನೇ ಹೇಳಿದೆ: "ಅವರಿಗೇನೂ ಆಗಿಲ್ಲ. ಈಗ ಅವರು ಟ್ರಾಕ್ಟರು."

ಆಕೆ ಅವರನ್ನು ಬಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಸ್ಟೆತಾಸ್ಕೋಪು

ಮೇಸ್ತ್ರಿ ತೋಟಕ್ಕೇ ಬರುವುದಾಗಿ ಒಪ್ಪಿದ. ಅವನಿಗೆ ಬಿಡುವಾದದ್ದು ಸರಿಯಾಗಿ ಅಮಾವಾಸ್ಯೆಯ ಮರುದಿನ. ಡ್ರೈವರು ಇನ್ನೂ ಲಿವರ್ ಮುಟ್ಟುವ ಮೊದಲೇ ಬೆವರುತ್ತಿದ್ದ. ಅತ್ತೆಯವರೂ ಬಂದು ಬಾಳೆಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು.

ನಮ್ಮವರು ಮತ್ತೆ ಗಾಡಿಯಡಿ ತೂರದಿರಲೆಂದು, ಹೊರಗಿನಿಂದಲೇ ಸದ್ದಿನ ಮೂಲ ಹಿಡಿಯಲು ನಾನು ನನ್ನ ಹಳೆಯ ಸ್ಟೆತಾಸ್ಕೋಪು ತಂದಿದ್ದೆ. ಡ್ರೈವರು ಲಿವರ್ ಎಳೆದ. ಊರು ಕೇಳುವಂತೆ ಚೀರುತ್ತ ರೋಟಾವೇಟರು ಮೇಲೇರಿತು. ನಾನು ಸ್ಟೆತಾಸ್ಕೋಪನ್ನು ಇಂಜಿನ್ನಿನ ಪಕ್ಕದಲ್ಲಿ ಇಟ್ಟು ಕೇಳಿದೆ, ಪಂಪಿನ ಮೇಲೆ ಇಟ್ಟು ಕೇಳಿದೆ, ಪಂಪಿಗೆ ಎಣ್ಣೆ ತರುವ ಕೊಳವೆಯ ಗುಂಟ ಸೀಟಿನ ಕೆಳಗಿನ ಎಣ್ಣೆಯ ಟಾಕಿಯವರೆಗೂ ಕೇಳುತ್ತ ಹೋದೆ. ಆ ಸದ್ದು ನನಗೆ ಹೊಸದಾಗಿರಲಿಲ್ಲ. ದಮ್ಮಿನ ರೋಗಿ ಉಸಿರು ಎಳೆಯಲಾರದೆ ಒದ್ದಾಡುವುದು ಹೀಗೆಯೇ.

"ಮೇಮ್‌ಸಾಬ್, ಇಂಜೆಕ್ಷನ್ ಕೊಡ್ತೀರೇನು?" ಮೇಸ್ತ್ರಿ ನಕ್ಕ. "ಪಂಪ್ ಹೋಗ್ಯಾದ್ರೀ. ಬಿಚ್ಚಬೇಕು."

"ಪಂಪು ಸರಿ ಅದ," ಎಂದೆ. "ಇದಕ್ಕ ಉಸಿರು ಕಟ್ಟ್ಯಾದ. ಒದ್ದಾಡ್ಲಿಕತ್ತದ."

ಡ್ರೈವರನಿಗೆ ಅಷ್ಟೇ ಸಾಕಾಯಿತು. ಮೇಟ್ರನ್ನರೇ ಕಿವಿಗೊಟ್ಟು ಕೇಳಿ ಒಳಗೆ ಉಸಿರಿದೆ ಎಂದ ಮೇಲೆ ಇನ್ನೇನು ಬೇಕು? "ಯಾ ಅಲ್ಲಾ! ಶರಣಬಸಪ್ಪಾ!" ಎಂದು ಎರಡೂ ಕಡೆಯವರನ್ನು ಕರೆದು, ಹೊರಗಿದ್ದ ಕಾಲಿನಿಂದ ಜಿಗಿದ. ಒಳಗಿದ್ದ ಕಾಲು ಲಿವರಿಗೆ ತಾಗಿತು. ರೋಟಾವೇಟರು ಕೆಳಗಿಳಿಯತೊಡಗಿತು.

ಅದರ ಕೆಳಗೆ ಎರಡು ಕಾಲುಗಳು ಕಂಡವು. ನಮ್ಮವರವು. ನಾನು ಟಾಕಿಗೆ ಕಿವಿಗೊಟ್ಟಿದ್ದಾಗ ಅವರು ಆ ಕಡೆಯಿಂದ ತೂರಿಬಿಟ್ಟಿದ್ದರು.

ಆ ಕ್ಷಣ ನನ್ನ ಬೆನ್ನು ನೆಟ್ಟಗಿರಲಿಲ್ಲ, ದನಿ ತಗ್ಗಿರಲಿಲ್ಲ. ನಾನು ಚೀರಿದ್ದನ್ನು ಕೇಳಿ ಹೆದ್ದಾರಿಯಲ್ಲಿ ಒಂದು ಲಾರಿ ನಿಂತಿತಂತೆ. ಕಾಲು ಹಿಡಿದು ಎಳೆದೆ. ಚಪ್ಪಲಿ ಕೈಗೆ ಬಂತು. ಮತ್ತೆ ಹಿಡಿದೆ. ಮೇಸ್ತ್ರಿ ನನ್ನನ್ನು ಹಿಡಿದು ಎಳೆದ. ಮೂವರೂ ಹಿಂದಕ್ಕೆ ಬಿದ್ದೆವು. ಅವರ ತಲೆ ಇದ್ದ ಜಾಗದಲ್ಲಿ ಬ್ಲೇಡುಗಳು ಮೆತ್ತಗೆ ಮಣ್ಣಿಗಿಳಿದವು.

"ನನ್ನ ಚಶ್ಮಾ!" ಎಂದರು ನಮ್ಮವರು.

 ನಾನು ಬಿದ್ದಲ್ಲಿಂದಲೇ ಮೇಸ್ತ್ರಿಯನ್ನು ಗದರಿಸಿದೆ: "ಮೊದಲು ಸೀಟು ಎತ್ತು."

ಸೀಟು ಎತ್ತಿದರೆ ಟಾಕಿಯ ಮುಚ್ಚಳವೇ ಕಾಣಲಿಲ್ಲ. ಅದರ ಮೇಲೆ ತೆಂಗಿನಕಾಯಿ ಗಾತ್ರದ ಕರಿ ಗಂಟು. ಮೇಸ್ತ್ರಿ ಕೊಯ್ಯುತ್ತ ಹೋದ: ಕರಿ ಉಣ್ಣೆಯ ದಾರ, ಕರಿ ಬಟ್ಟೆ, ಹಾಲಿನ ಪ್ಲಾಸ್ಟಿಕ್ ಪ್ಯಾಕೆಟ್ಟು; ಮತ್ತೆ ದಾರ, ಬಟ್ಟೆ, ಪ್ಯಾಕೆಟ್ಟು. ನಡುವೆ ಒಣಗಿದ ಲಿಂಬೆ, ಕೇರುಬೀಜ. ಕೊನೆಯ ಪದರ ಹರಿದಾಗ ಟಾಕಿ "ಸೊಯ್ಯಽ" ಎಂದು ಉಸಿರು ಎಳೆದುಕೊಂಡಿತು. ಅವನು ಲಿವರ್ ಎಳೆದ. ರೋಟಾವೇಟರು ತುಟಿ ಪಿಟಕ್ಕೆನ್ನದೆ ಮೇಲೇರಿತು. ಕೆಳಗೆ ಚಶ್ಮಾ ಎರಡು ತುಂಡಾಗಿ ಬಿದ್ದಿತ್ತು.

"ಟಾಕಿಗೆ ಗಾಳಿ ಹೋಗೋ ತೂತಽ ಮುಚ್ಚ್ಯಾರ್ರೀ! ಎಣ್ಣಿ ಹೆಂಗ ಬರಬೇಕು ಪಂಪಿಗೆ? ಯಾರ್ರೀ ಇದನ್ನ ಕಟ್ಟಿದವ್ರು?"

"ನಾನಽ, ಗಾಡಿ ಪೂಜಿ ದಿನಽ ಕಟ್ಟಿದ್ದೆ," ಎಂದರು ಅತ್ತೆಯವರು, ಬಾಳೆಹಣ್ಣು ಸುಲಿಯುತ್ತ. "ಚೀರೋದು ಹೆಚ್ಚಾತಂದ್ರ ದೃಷ್ಟಿ ಹೆಚ್ಚಾಗ್ಯಾದ ಅಂತ ಅಮಾಸಿಗೊಂದು ಪದರ ಏರಿಸಿದೆ."

"ಮತ್ತ ಈ ಪ್ಲಾಸ್ಟಿಕ್?"

ಅವರು ನನ್ನ ಕಡೆ ನೋಡಿದರು. "ಇರುವಿ ಆಗಬಾರದಂತ ನೀನಽ ಹೇಳಿದ್ಯಲ್ಲವ್ವಾ."

"ಅತ್ತೆಯವರ, ನಿಮ್ಮ ಮಗನ ತಲಿ ಹೋಗ್ತಿತ್ತು!"

"ಹೋತೇನು? ತಲಿಗೆ ಬಂದದ್ದು ಚಶ್ಮಾಕ್ಕ ಹೋತು. ಅದು ಯಾತರಿಂದ ಅಂತೀ?" ಎಂದು ಮೇಸ್ತ್ರಿಯ ಕೈಯಲ್ಲಿದ್ದ ಗಂಟನ್ನು ತೋರಿಸಿದರು.

ತೋಟದ ಆ ತುದಿಯಿಂದ ಡ್ರೈವರು ಕೂಗಿದ: "ಅಮ್ಮಾರ, ದೆವ್ವ ಹೋತೇನ್ರೀ?"

ನಾನು ಎದ್ದೆ. ಸೀರೆ ಕೊಡವಿಕೊಂಡು, ಬೆನ್ನು ನೆಟ್ಟಗೆ ಮಾಡಿ, ದನಿ ತಗ್ಗಿಸಿ ಹೇಳಿದೆ: "ಇಲ್ಲ. ಕುರ್ಚಿ ಮ್ಯಾಲ ಕುಂತು ಬಾಳಿಹಣ್ಣು ತಿನ್ನಲಿಕತ್ತದ."

ಅತ್ತೆಯವರು ಸುಲಿದ ಹಣ್ಣನ್ನು ನನ್ನತ್ತ ಚಾಚಿದರು.

"ತಗೋ, ನೀನೂ ತಿನ್ನು. ಗಾಡಿಕಿಂತ ಜೋರ ಚೀರೀದಿ. ಮುಂದಿನ ಅಮಾಸಿಗೆ ನಿನಗೂ ಒಂದು ಕಟ್ತೀನಿ."