ಊರವರ ಬಾಯಿ ಮುಚ್ಚಿಸಲು ಹೊರಟದ್ದು

ಜನ ಬೇರೆಯವರ ಮನೆ ಸುದ್ದಿ ಯಾಕೆ ಆಡುತ್ತಾರೆ? ಕೆಲಸವಿಲ್ಲದ್ದಕ್ಕೆ, ಬುದ್ಧಿಯಿಲ್ಲದ್ದಕ್ಕೆ. ಎಪ್ಪತ್ತರ ದಶಕದಲ್ಲಿ ಹೊಳಲ್ಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದ ನನಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಇಡ್ಲಿಗೆ ಚಟ್ನಿಯ ಬದಲು ಪರರ ಸಂಸಾರವನ್ನೇ ನಂಚಿಕೊಳ್ಳುವ ಗುಂಪನ್ನು ಕಂಡರೆ ಮೈ ಉರಿಯುತ್ತಿತ್ತು. ವಾಚನಾಲಯದಲ್ಲಿ ಈ ಬಗ್ಗೆ ಭಾಷಣ ಮಾಡಿ ಅವರೆಲ್ಲ ತಲೆ ತಗ್ಗಿಸುವಂತೆ ಮಾಡಬೇಕೆಂದು ನಿಶ್ಚಯಿಸಿದೆ. ಉದಾಹರಣೆಗಳು ಬೇಕಲ್ಲ? ಅದೇ ಹೋಟೆಲಿಗೆ ಹೋಗಿ ಕೂತೆ.

ಮೇಷ್ಟ್ರನ್ನು ಕಂಡು ಎಲ್ಲರೂ ಸುಮ್ಮನಾದರು. ಅವರ ಬಾಯಿ ಬಿಡಿಸಲು, ಕೇವಲ ಶಾಸ್ತ್ರೀಯ ಉದ್ದೇಶದಿಂದ, ನಾನೇ ಒಂದು ಮಾತು ಹೇಳಿದೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ತಿಪ್ಪೇಸ್ವಾಮಿ ರಾಮಗಿರಿ ಸ್ಟೇಷನ್ನಿನಲ್ಲಿ ಯಾರೋ ಹೆಂಗಸಿನ ಟ್ರಂಕು ಹೊತ್ತುಕೊಂಡು ರೈಲಿಳಿದದ್ದನ್ನು ಕಂಡೆ ಎಂದೆ. ಅಷ್ಟೇ. ಹುಬ್ಬು ಹಾರಿಸಿದ್ದು ನಿಜ.

ಸಂಜೆಯೊಳಗೆ ಆಕೆ ತಿಪ್ಪೇಸ್ವಾಮಿಯವರ ಎರಡನೇ ಹೆಂಡತಿಯಾದಳು. ಮಾರನೇ ದಿನ ಇಬ್ಬರು ಮಕ್ಕಳಾದರು. ಮೂರನೇ ದಿನ ಬಾಗೂರಿನಿಂದ ಅವರ ಮಾವ ಕರಿಯಪ್ಪನವರು, ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಬಂದು, ಮಗಳು ಗೌರಮ್ಮನನ್ನು ಕರೆದುಕೊಂಡು ಹೋಗಿಬಿಟ್ಟರು. ಟ್ರಂಕಿನ ಹೆಂಗಸು ತನ್ನ ಸೋದರತ್ತೆ, ವಯಸ್ಸು ಎಪ್ಪತ್ತು ಎಂದು ತಿಪ್ಪೇಸ್ವಾಮಿ ಆಣೆ ಮಾಡಿದರೂ ನಂಬಲಿಲ್ಲ. ಊರೆಲ್ಲ ಒಂದು ಹೇಳುವಾಗ ಅಳಿಯನ ಮಾತಿಗೇನು ಬೆಲೆ!

ಸುದ್ದಿ ಎಲ್ಲಿ ಹುಟ್ಟಿತೆಂದು ನನ್ನ ಹೆಂಡತಿ ಸರೋಜಳಿಗೆ ಹೋಟೆಲಿನವನ ಹೆಂಡತಿಯಿಂದ ತಿಳಿಯಿತು.

"ನೀವೇ ಹೋಗಿ ಕರ್ಕಂಡ್ ಬರ್ರಿ. ಅಲ್ಲೀತಂಕ ಈ ಮನ್ಯಾಗೆ ನಿಮಗೆ ಮುದ್ದೆ ಇಲ್ಲ," ಎಂದಳು.

ಬಾಗೂರಿನಲ್ಲಿ ಕರಿಯಪ್ಪನವರು ಕಂಬಳಿ ಹಾಸಿ ಕೂರಿಸಿದರು. ಎಲ್ಲವನ್ನೂ ಒಪ್ಪಿಕೊಂಡೆ. ಅವರು ಎದುರಿಗೆ ಬಂದು ಕೂತರು.

"ಓದಿದೋರು ನೀವು. ಯಾಕ್ರಿ ಹೇಳಿದ್ರಿ?"

ಭಾಷಣಕ್ಕೆಂದು ಬರೆದಿಟ್ಟ ಉತ್ತರವನ್ನು ಬದಿಗಿಟ್ಟೆ. ನಿಜವನ್ನೇ ಹೇಳಿದೆ: ಇಷ್ಟು ವರ್ಷ ಪಾಠ ಮಾಡಿದರೂ ಯಾರೂ ನನ್ನ ಮಾತಿಗೆ ಹಾಗೆ ಕಿವಿಗೊಟ್ಟಿರಲಿಲ್ಲ. ಅವತ್ತು ಹೋಟೆಲಿನಲ್ಲಿದ್ದವರೆಲ್ಲ ದೋಸೆ ಆರಲು ಬಿಟ್ಟು ನನ್ನ ಕಡೆ ತಿರುಗಿದ್ದರು. ಬಹಳ ಚೆನ್ನಾಗಿತ್ತು.

ಕರಿಯಪ್ಪನವರು ನಿಟ್ಟುಸಿರು ಬಿಟ್ಟು ಮಗಳನ್ನು ಹೊರಡಲು ಹೇಳಿದರು. ಗೌರಮ್ಮ ಚೀಲ ಹಿಡಿದು, ನನ್ನ ಮುಖವನ್ನೂ ನೋಡದೆ ಬಸ್ಸಿಗೆ ಹೊರಟರು. ನಾನೂ ಎದ್ದೆ. ಕರಿಯಪ್ಪನವರು ಕೈಗೆ ಮಜ್ಜಿಗೆ ಕೊಟ್ಟು, ದನಿ ತಗ್ಗಿಸಿದರು.

"ಅದಿರ್ಲಿ ಮೇಷ್ಟ್ರೆ, ನಿಮ್ಮ ಹೆಡ್ಮೇಷ್ಟ್ರ ಮನ್ಯಾಗೆ ಏನೋ ಗಲಾಟೆ ಐತಂತಲ್ಲ?"

ನಾನು ಮತ್ತೆ ಕಂಬಳಿಯ ಮೇಲೆ ಕೂತು, ಅವರ ಹತ್ತಿರ ಸರಿದೆ.

ಗೌರಮ್ಮ ಒಬ್ಬರೇ ಹೊಳಲ್ಕೆರೆ ಸೇರಿದರಂತೆ. ಬಸ್ಸು ಹೋದದ್ದು ನನಗೆ ಕೇಳಿಸಲೇ ಇಲ್ಲ.