ಸಾವಣೂರಿನ ಕಹಿ ಡಬ್ಬಿ

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೂ ಒಂದು ಮಾತು ಧೈರ್ಯವಾಗಿ ಬರೆಯುತ್ತೇನೆ: ಮನೆಯಲ್ಲಿ ಔಷಧಕ್ಕಿಂತ ಔಷಧದ ಡಬ್ಬಿಯೇ ಹೆಚ್ಚು ದುಡಿಯುತ್ತದೆ. ಚಿಕ್ಕೇರೂರಿನ ನಮ್ಮ ಮನೆಯಲ್ಲಿ ಯಾರಿಗೂ ಸುಳ್ಳು ಹೊಟ್ಟೆನೋವು ಬರುವುದಿಲ್ಲ. ಆ ಪುಣ್ಯ ನನ್ನದಲ್ಲ, ಅಡುಗೆಮನೆಯ ಗೋಡೆಯ ಮಾಡದಲ್ಲಿ ಕುಳಿತ ತಗಡಿನ ಡಬ್ಬಿಯದು.

ಅದರಲ್ಲಿದ್ದದ್ದು ಅಯಾರಿಜ್ ಗುಳಿಗೆ. ನನ್ನ ತವರು ಸಾವಣೂರು. ನಮ್ಮ ಓಣಿಯ ಹಕೀಮರು ಲೋಳೆಸರದ ಕಹಿ ಮುಸಬ್ಬರ, ದಾಲ್ಚಿನ್ನಿ, ಕೇಸರಿ, ಇನ್ನೂ ಏನೇನೋ ಕುಟ್ಟಿ ಕಟ್ಟಿಕೊಡುತ್ತಿದ್ದರು. ತಲೆನೋವಿಗೂ ಅದೇ, ಹೊಟ್ಟೆ ಕಟ್ಟಿದರೂ ಅದೇ.

"ಇದು ಯೂನಾನ್ ದೇಶದ ದವಾ ಐತವ್ವಾ. ಅಲ್ಲಿಂದ ನಡಕೋತ ಬಂದೈತಿ" ಎನ್ನುತ್ತಿದ್ದರು ಹಕೀಮರು.

"ಅಷ್ಟು ದೂರದಿಂದ ಬರಾಗ ದಾರ್‍ಯಾಗ ಯಾರೂ ಸಕ್ರಿ ಹಾಕಲಿಲ್ಲೇನ್ರಿ?" ಎಂದಿದ್ದೆ. ಆ ಗುಳಿಗೆಯ ಮುಂದೆ ಬೇವೂ ಬೆಲ್ಲವೇ. ನಾನು ಒಂದೇ ಸಲ ನುಂಗಿದವಳು. ಉಳಿದದ್ದನ್ನೆಲ್ಲ ಮಂದಿಗೆ ನುಂಗಿಸಿದೆ. ಮಗ ಸಾಲೆ ತಪ್ಪಿಸಲು "ಅವ್ವಾ, ಹೊಟ್ಟಿ..." ಎಂದು ಬಾಯಿ ತೆಗೆದರೆ ಡಬ್ಬಿ ಅಲ್ಲಾಡಿಸುತ್ತಿದ್ದೆ. ಕಡಕಡ ಸಪ್ಪಳಕ್ಕೇ ಹೊಟ್ಟೆ ನೆಟ್ಟಗಾಗುತ್ತಿತ್ತು. ಹಕೀಮರು ತೀರಿಕೊಂಡರು, ಗುಳಿಗೆ ಮುಗಿದವು. ನಾನು ಯಾರಿಗೂ ಹೇಳದೆ ಹುಣಸೆಬೀಜ ತುಂಬಿಟ್ಟೆ. ಸಪ್ಪಳಕ್ಕೆ ಅಷ್ಟು ಸಾಕು.

ಹೋದ ತಿಂಗಳು ಮೊಮ್ಮಗಳು ಪಲ್ಲವಿಯ ಮಾಸ್ತರರು ಫೋನ್ ಮಾಡಿದರು. ಹುಡುಗಿ ಮೂರು ತಿಂಗಳಿಂದ ತಲೆ ಹಿಡಿದುಕೊಂಡೇ ಕೂರುತ್ತಾಳಂತೆ. ಸೊಸೆ ಶೈಲಾ ಕೇಳಿದಳು, "ನಮಗ್ಯಾಕ ಹೇಳಲಿಲ್ಲ?" ಹುಡುಗಿ ಮಾಡದ ಕಡೆ ನೋಡಿತು. "ಹೇಳಿದ್ರ ಆಯಿ ಡಬ್ಬಿ ತಗೀತಾಳ."

ತಲೆನೋವಿಗೆಂದೇ ಹುಟ್ಟಿದ ಔಷಧಕ್ಕೆ ಹೆದರಿ ಹುಡುಗಿ ತಲೆನೋವನ್ನೇ ಮುಚ್ಚಿಟ್ಟಿತ್ತು. ಹಿರೇಕೆರೂರಿನ ದವಾಖಾನೆಗೆ ಹೊರಟ ಬಸ್ಸಿನಲ್ಲಿ ತಲೆಯೊಳಗೆ ಗಂಟು, ಗಡ್ಡೆ, ಏನೇನು ಇರಬಹುದೋ ಎಲ್ಲವನ್ನೂ ನೆನೆದೆ. ಹರಕೆಯನ್ನೂ ಹೊತ್ತೆ. ಯಾವ ದೇವರಿಗೆ ಎಂಬುದು ಈಗ ನೆನಪಿಲ್ಲ. ಬೇಕಾದರೆ ಅವನೇ ಬಂದು ಕೇಳಲಿ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು, ಕಣ್ಣೊಳಗೆ ಬೆಳಕು ಬಿಟ್ಟರು. "ಅಂಜಬ್ಯಾಡ್ರಿ ಅಜ್ಜಿ, ಚಷ್ಮಾ ಬೇಕು ಅಷ್ಟ." ನಾನು ಬಿಟ್ಟ ಉಸಿರಿಗೆ ಹೊರಗೆ ಕುಳಿತಿದ್ದ ನರ್ಸಮ್ಮ ಒಳಗೆ ಹಣಿಕಿ ನೋಡಿದಳು. ಚಷ್ಮಾ ಬಂದ ದಿನ ಹುಡುಗಿ ಹಾಕಿಕೊಂಡು ಮೊದಲು ನನ್ನನ್ನೇ ನೋಡಿತು. "ಆಯಿ, ನಿನಗ ಮೀಸಿ ಅದಾವ!" ಇರಲಿ. ಕಂಡವಲ್ಲ.

ಅಂದೇ ಎಲ್ಲರ ಮುಂದೆ ಡಬ್ಬಿ ಬೋರಲು ಹಾಕಿದೆ. ಹುಣಸೆಬೀಜ ನೋಡಿ ತಲೆ ನರೆತ ಮಗ ಕೇಳಿದ, "ನಾ ಯಾವಾಗಿಂದ ಬೀಜಕ್ಕ ಅಂಜಾಕತ್ತೇನಿ, ಅದನ್ನಾರ ಹೇಳಬೇ!" ನಾನು ಬೀಜ ಬಳಿದು ಉಡಿಗೆ ಹಾಕಿಕೊಂಡೆ. ಶೈಲಾ ಖಾಲಿ ಡಬ್ಬಿ ತೊಳೆದು ಮತ್ತೆ ಮಾಡದಲ್ಲಿಟ್ಟಳು.

ಈಗ ನಾಲ್ಕು ದಿನದಿಂದ ನನ್ನ ಹೊಟ್ಟೆ ಕಟ್ಟಿದೆ. ನಿನ್ನೆ ತಾಟು ಸರಿಸಿದ್ದನ್ನು ಶೈಲಾ ನೋಡಿದಳು. "ಯಾಕ್ರಿ ಅತ್ತಿ, ಉಣ್ಣವಲ್ರಿ?" ಎನ್ನುತ್ತ ಮಾಡಕ್ಕೆ ಕೈ ಹಾಕಿ ಡಬ್ಬಿ ಅಲ್ಲಾಡಿಸಿದಳು. ಕಡಕಡ ಎಂದಿತು. ಹೋದ ವಾರ ಅವಳು ಸಾವಣೂರಿಗೆ ಹೋಗಿ ಬಂದವಳು. ಅಲ್ಲಿ ಈಗ ಹಕೀಮರ ಮಗ ಗುಳಿಗೆ ಕಟ್ಟುತ್ತಾನಂತೆ. ಒಳಗಿರುವುದು ಬೀಜವೋ ಗುಳಿಗೆಯೋ, ಕೇಳುವ ಧೈರ್ಯವಾಗಲಿಲ್ಲ.

"ಏನಿಲ್ಲವಾ, ಆರಾಮ ಅದೇನಿ" ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡೆ.