ಕಡಲಿಲ್ಲದ ಊರಿನಲ್ಲಿ ಕಪ್ತಾನಗಿರಿ

ನಮ್ಮ ಮನೆತನದಲ್ಲಿ ಯಾರ ಕೈಗಾದರೂ ಸಾಹಸದ ಪುಸ್ತಕ ಸಿಕ್ಕಿತೆಂದರೆ ಓಣಿಗೆ ನೆಮ್ಮದಿ ಇರುವುದಿಲ್ಲ. ಮೊನ್ನೆ ನನ್ನ ಮಗಳು ಯಾವುದೋ ಕಾಡಿನ ಕತೆ ಓದಿ, ಪಕ್ಕದ ಮನೆಯ ಎಮ್ಮೆಯನ್ನು ಮಧ್ಯಾಹ್ನವೆಲ್ಲ ಬೇಟೆಯಾಡಿದಳು. ಸಂಜೆ ಎಮ್ಮೆ ಹಾಲು ಕೊಡಲಿಲ್ಲ, ಜಗಳ ನನ್ನ ಪಾಲಿಗೆ ಬಂತು. ಮಗಳನ್ನು ಬೈಯಲು ಬಾಯಿ ತೆರೆದೆ, ಅದು ತಾನಾಗಿಯೇ ಮುಚ್ಚಿಕೊಂಡಿತು. ನಾನಾದರೂ ಕೂತಲ್ಲಿ ಕೂರುವ ಹುಡುಗಿಯಾಗಿದ್ದೆನೇ? ಬಸವಕಲ್ಯಾಣದ ಲೈಬ್ರರಿಯಿಂದ ತಂದ ಕತೆಯಲ್ಲಿ ಏನಿರುತ್ತಿತ್ತೋ ಅದನ್ನು ಅವತ್ತೇ ಮಾಡಿ ನೋಡದಿದ್ದರೆ ನನಗೆ ಅಂಗಾಲು ತುರಿಸುತ್ತಿತ್ತು.

ಮಾಳಿಗೆಯ ಹಡಗು

ಕಡಲಗಳ್ಳರ ಕತೆ ಓದಿದ ಬೇಸಿಗೆ ಅದು. ನಮ್ಮ ಕಡೆ ಕಡಲು ಎಲ್ಲಿಂದ ಬರಬೇಕು? ಮನೆಯ ಮಾಳಿಗೆಯೇ ಹಡಗಾಯಿತು. ನಾನು ಕಪ್ತಾನ, ತಮ್ಮನೊಬ್ಬನೇ ಇಡೀ ಸಿಬ್ಬಂದಿ. ಹಾಯಿ ಒಂದು ಬೇಕಾಗಿತ್ತು. ಮಾಳಿಗೆಯ ಮೇಲೆ ಅಪ್ಪನ ಹಳೆಯ ಧೋತರ ಹಾಸಿ ಅವ್ವ ಸಂಡಿಗೆ ಇಟ್ಟಿದ್ದಳು. ಒಣಗಿದ ಸಂಡಿಗೆಯನ್ನು ಪಕ್ಕಕ್ಕೆ ಸರಿಸಿದೆವು, ಹಸಿ ಇದ್ದುದನ್ನು ಹಡಗಿನ ಊಟವೆಂದು ತಿಂದೆವು. ಧೋತರವನ್ನು ಒಂದು ಕೋಲಿಗೆ ಕಟ್ಟಿದೆ. ಗಾಳಿಗೆ ಚೆನ್ನಾಗಿ ಉಬ್ಬಿತು, ಗಂಟು ಬಿಚ್ಚಿಕೊಂಡಿತು, ಹಾರಿ ಹೋಗಿ ಕೆಳಗೆ ಸೈಕಲ್ ಮೇಲೆ ಬರುತ್ತಿದ್ದ ಬಳೆಗಾರನ ತಲೆಯ ಮೇಲೆ ಬಿತ್ತು.

ಅವ್ವ ಲಟ್ಟಣಿಗೆ ಹಿಡಿದು ಮೇಲೆ ಬಂದಳು. ಕಪ್ತಾನ ಎಂಥ ಹೊತ್ತಿನಲ್ಲೂ ಹಡಗು ಬಿಡಬಾರದೆಂದು ಪುಸ್ತಕದಲ್ಲಿ ಓದಿದ್ದೆ. ಹಾಗಾಗಿ ಹಡಗಿನಲ್ಲೇ, ನೀರಿನ ಟಾಕಿಯ ಹಿಂದೆ, ಉಸಿರು ಬಿಗಿಹಿಡಿದು ಕೂತೆ. ಸಿಬ್ಬಂದಿಗೆ ಬಾಯಿತುಂಬ ಸಂಡಿಗೆ ಇದ್ದುದರಿಂದ ಮಾತಾಡಲಾಗಲಿಲ್ಲ. ಟಾಕಿಯ ಕಡೆ ಬೆರಳು ತೋರಿಸಿದ.

ಕೆಂಪು ಗುರುತು

ಮುಂದಿನ ಕತೆಯಲ್ಲಿ ಗೂಢಚಾರರು ಶತ್ರುಗಳ ಮನೆಗೆ ಗುರುತು ಹಾಕುತ್ತಿದ್ದರು. ನಾವೂ ಇಟ್ಟಂಗಿ ಚೂರು ಹಿಡಿದು, ನಮ್ಮ ಚೆಂಡು ವಾಪಸು ಕೊಡದವರ ಗೋಡೆಗೆಲ್ಲ ಕೆಂಪು ಗೆರೆ ಎಳೆದೆವು. ಬೆಳಿಗ್ಗೆ ಎದ್ದು ನೋಡಿದರೆ ಓಣಿಯ ತುಂಬ ಗುಂಪು.

"ರಸ್ತೆ ಅಗಲ ಮಾಡ್ತಾರಂತ್ರಿ, ಗುರ್ತು ಹಾಕಿ ಹೋಗ್ಯಾರ," ಎಂದು ಛಾ ಮಾರುವವನು ಎಲ್ಲರಿಗೂ ಹೇಳುತ್ತಿದ್ದ.

ಕೆಲವರು ವಾರ್ಡಿನ ಮೆಂಬರರ ಮನೆಗೆ ಓಡಿದರು. ಎದುರು ಮನೆಯ ಕಿರಾಣಿ ಅಂಗಡಿಯವರು ಮಾತ್ರ ಎಲ್ಲಿಗೂ ಓಡಲಿಲ್ಲ. ಅವರು ತಮ್ಮ ಕಟ್ಟೆಯನ್ನು ವರ್ಷವರ್ಷವೂ ಇಷ್ಟಿಷ್ಟೇ ರಸ್ತೆಗೆ ಬೆಳೆಸಿದ್ದರು. ಮುನ್ಸಿಪಾಲಿಟಿಯವರು ಬಂದು ಮನೆಯನ್ನೇ ಅಳೆಯುವ ಮೊದಲು ತಾವೇ ಆಳು ಕರೆಸಿ ಕಟ್ಟೆ ಒಡೆಸಿಬಿಟ್ಟರು. ಮಧ್ಯಾಹ್ನ ಯಾರೋ ತಮ್ಮನ ಅಂಗೈ ನೋಡಿದರು. ಕೆಂಪಗಿತ್ತು.

ಅಪ್ಪನದು ಬಟ್ಟೆ ಅಂಗಡಿ. ಗಿರಾಕಿಗಳ ಮುಂದೆಯೇ ಪಂಚಾಯಿತಿ ನಡೆಯಿತು. ಅಪ್ಪ ಮನೆಗೆ ಬಂದವರೇ ಕಡಲಗಳ್ಳರ ಪುಸ್ತಕ ಕಸಿದುಕೊಂಡರು. "ಇನ್ನ ಪುಸ್ತಕ ಬಂದ್. ಲೈಬ್ರರಿ ಕಡಿ ಕಾಲಿಟ್ರ ನೋಡು," ಎಂದರು. ಮೊದಲು ಓದಿದ್ದರ ಎರಡನೇ ಭಾಗ ಅದು, ಆ ವಾರವಷ್ಟೇ ತಂದಿದ್ದೆ. ಕತೆಯ ಕಪ್ತಾನನನ್ನು ಶತ್ರುಗಳು ಸಮುದ್ರಕ್ಕೆ ನೂಕಲು ಹಡಗಿನಿಂದ ಚಾಚಿದ ಹಲಗೆಯ ತುದಿಗೆ ತಂದಿದ್ದರು, ನಾನು ಅಲ್ಲಿಗಷ್ಟೇ ಬಂದಿದ್ದೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಪುಸ್ತಕವಿಲ್ಲದೆ ಇಡೀ ರಜೆ ಕಳೆಯುವುದು ಹೇಗೆ?

ಇಷ್ಟಾಗಿಯೂ ಒಂದು ಮಾತು ಹೇಳಬೇಕು. ಅವತ್ತಿನಿಂದ ನಮ್ಮ ಓಣಿಯೊಳಗೆ ಆಟೋ ಬರತೊಡಗಿತು.

ಪರಾರಿ

ತಮ್ಮನನ್ನೂ ಕರೆದುಕೊಂಡು ಓಡಿಹೋಗುವುದೆಂದು ನಿರ್ಧರಿಸಿದೆ. ಅಪ್ಪ ಊರೂರು ಹುಡುಕಬೇಕು, ಸಿಕ್ಕ ಮೇಲೆ "ಓದವ್ವಾ, ಎಷ್ಟ ಬೇಕಾದ್ರೂ ಓದು" ಎನ್ನಬೇಕು. ಹೊರಟಿದ್ದು ಕಡಲಿಗೆ, ಮೊದಲ ಬಸ್ಸು ಸಿಕ್ಕಿದ್ದು ಹುಮನಾಬಾದಿನದು.

ನಮ್ಮ ಕಡೆ ಔಷಧಿ, ಊಟದ ಡಬ್ಬಿ, ಮಕ್ಕಳು, ಎಲ್ಲವನ್ನೂ ಕಂಡಕ್ಟರ್ ಕೈಗೊಪ್ಪಿಸಿ ಕಳಿಸುವ ರೂಢಿ. ಕಂಡಕ್ಟರ್ ನಮ್ಮನ್ನು ನೋಡಿದವನೇ ಗುರುತು ಹಿಡಿದ, ಏನೂ ಕೇಳದೆ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದ. ಹುಮನಾಬಾದಿನಲ್ಲಿ ಇಳಿಸಿ, ತಾನೇ ಆಟೋ ಕರೆದು, ಅಲ್ಲೇ ಪಕ್ಕದ ಮಾಣಿಕನಗರದ ನಮ್ಮ ಸೋದರತ್ತೆಯ ಮನೆಯ ಬಾಗಿಲಿಗೆ ಬಿಡಲು ಹೇಳಿದ. ನಾನು ಕಡಲಿನ ವಿಷಯ ಎತ್ತುವಷ್ಟರಲ್ಲಿ ಅತ್ತೆ ತಟ್ಟೆ ಹಾಕಿಯಾಗಿತ್ತು.

ಊಟದ ನಡುವೆಯೂ ಆಟೋ ಸದ್ದಾದಾಗಲೆಲ್ಲ ಬಾಗಿಲಿಗೆ ಓಡುತ್ತಿದ್ದೆ. ಯಾರೂ ಹುಡುಕಿಕೊಂಡು ಬರಲಿಲ್ಲ. ಕೊನೆಗೆ ತಡೆಯಲಾರದೆ, "ಅತ್ತಿ, ನಾವು ಮನಿ ಬಿಟ್ಟು ಓಡಿ ಬಂದೀವಿ," ಎಂದೆ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಬರ್ತಾ ನಿಮ್ಮವ್ವನ ಕಡಿಂದ ಒಂದಿಷ್ಟು ಉಪ್ಪಿನಕಾಯಿ ಇಸ್ಕೊಂಡು ಬರಬಾರದೇನು?" ಎಂದರು.

ತಮ್ಮ ತನ್ನ ಚೀಲದಿಂದ ಉಪ್ಪಿನಕಾಯಿ ಡಬ್ಬಿ ತೆಗೆದು ಮುಂದಿಟ್ಟ. ಅವನು ಅವ್ವನ ಅಪ್ಪಣೆ ಕೇಳಿಯೇ ಓಡಿ ಬಂದಿದ್ದ.

ಹಲಗೆಯ ತುದಿಯಲ್ಲಿ

ಮರುದಿನ ಮಧ್ಯಾಹ್ನ ಅಪ್ಪನೇ ಬಂದರು. ಅಂಗಡಿ ಮುಚ್ಚಿ ಬಂದಿದ್ದಾರೆ, ಕಣ್ಣು ಕೆಂಪಗಿವೆ. ಗೆದ್ದೆ ಅಂದುಕೊಂಡೆ. ಅಪ್ಪ ಛಾ ಕುಡಿದರು, ಅತ್ತೆಯ ಮಂಡಿನೋವು ವಿಚಾರಿಸಿದರು, ಆಮೇಲೆ ನನ್ನ ಪಕ್ಕ ಬಂದು ಕೂತು ಚೀಲದಿಂದ ಮೆಲ್ಲಗೆ ಆ ಪುಸ್ತಕ ತೆಗೆದರು.

"ರಾತ್ರಿಯೆಲ್ಲಾ ಕೂತು ಓದೀನಿ, ಕೊನಿ ಹಾಳಿ ಹರಿದು ಹೋಗ್ಯಾವಲ್ಲ. ಆ ಕಪ್ತಾನ ಉಳೀತಾನೋ ಇಲ್ಲೋ?"

ಹುಡುಕಲು ಬಂದವರಲ್ಲ, ಕತೆ ಕೇಳಲು ಬಂದವರು. ಅವಮಾನವಾಯಿತು. ಆದರೂ ಇಂಥ ಅವಕಾಶ ಮತ್ತೆ ಸಿಗುವುದಿಲ್ಲವೆಂದು, "ಲೈಬ್ರರಿ?" ಎಂದಷ್ಟೇ ಕೇಳಿದೆ.

"ನಾಳೆನೇ ಹೋಗು. ಮೊದಲ ಇದನ್ನ ಹೇಳು."

ಕೊನೆಯನ್ನು ನಾನಾದರೂ ಎಲ್ಲಿ ಓದಿದ್ದೆ? ಬಾಯಿಗೆ ಬಂದದ್ದನ್ನು ಹೇಳುತ್ತ ಹೋದೆ. ಕಪ್ತಾನ ಹಲಗೆಯಿಂದ ಹಾರಿದ, ಮೊಸಳೆಯಂಥ ಮೀನುಗಳ ಜೊತೆ ಹೊಡೆದಾಡಿದ, ಈಜಿ ದಡ ಸೇರಿದ. ಅಪ್ಪ ಇನ್ನೂ ಮುಂದೆ ಬಾಗಿ ಕೂತಿದ್ದರು. ಕಳ್ಳತನ ಸಾಕೆಂದು ಬಟ್ಟೆ ಅಂಗಡಿ ಇಟ್ಟ ಎಂದೆ. ಅಪ್ಪನ ಮುಖ ಅರಳಿತು. ಯಾವ ಊರಿನಲ್ಲಿ ಎಂದು ಕೇಳಿದರು. ಕಡಲಿಗೆಂದು ಹೊರಟು ನಾನು ಮುಟ್ಟಿದ್ದ ಊರು ಒಂದೇ.

"ಹುಮನಾಬಾದದಾಗ," ಎಂದೆ.

ಅಪ್ಪ ನಿರಾಳವಾಗಿ ಗೋಡೆಗೆ ಒರಗಿದರು. "ಶಾಣ್ಯಾ ಇದ್ದಾನ. ಇಲ್ಲಿ ನಾಕೂ ಕಡಿಂದ ಬಸ್ ಬರ್ತಾವ, ಗಿರಾಕಿಗೇನೂ ಕಮ್ಮಿಲ್ಲ."